ಕುನ್ನಿಯ ಕೂಳು

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949ರ ಸುಮಾರಿಗೆ ಸೇರಿದ ವೀರಗಲ್ಲು, ಗಂಗರ ಅರಸ ಬೂತುಗನಿಂದ ಅವನ ಬಂಟ ಮಣಲೆರನು ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಮಡಿದ ವೃತ್ತಾಂತವನ್ನು ಹೇಳಿ, ಆ ಕಲ್ಲಿಗೆ ಭೂಮಿಯನ್ನು ದತ್ತಿಬಿಟ್ಟುದನ್ನು ದಾಖಲಿಸಿ, ಅದನ್ನು ಪೂಜಿಸದೆ ಉಂಡ ಗೊರವನಿಗೆ ಪಾಪವನ್ನೂ ವಿಧಿಸುತ್ತದೆ. ಸತ್ತ ನಾಯಿಯ ಸತ್ಕಾರಕ್ಕೆ ಇಷ್ಟೊಂದು ವ್ಯವಸ್ಥೆಯಾಯಿತು. ಬೆಳೆಯುವ ಕುನ್ನಿಗೆ ಯಾವ ಹೊತ್ತಿಗೆ ಎಷ್ಟು ಕೂಳು ಹಾಕಬೇಕೆಂಬುದು ಮಾತ್ರ ಕಲ್ಲಿನಲ್ಲಿ ಕೆತ್ತಿಸತಕ್ಕ ವಿಷಯವಾಗಿರಲಿಲ್ಲ. ಅರಸರ ಯಶೋಗಾಥೆಗೆ ಹೊರತಾದ ಇಂಥ ಮಾತುಗಳನ್ನು ಅರಿಯಬೇಕಾದರೆ ಒಕ್ಕಲುತನದ ಗ್ರಂಥಗಳನ್ನೇ ಆಶ್ರಯಿಸಬೇಕು; ಅವುಗಳಲ್ಲಿಯೂ, ಕಾಳಿಗಿಂತ ಸುಮಾರು ಸಾವಿರ ವರ್ಷ ಹಿಂದಿನ ರೋಮನರ ಗ್ರಂಥಗಳು ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾಗಿವೆ.

ಕ್ರಿ. ಪೂ. 37ರ ವೇಳೆಗೆ, ಎಂಬತ್ತರ ಇಳಿವಯಸ್ಸಿನಲ್ಲಿ ಕೃಷಿಶಾಸ್ತ್ರವನ್ನು ಬರೆಯಹೊರಟ ವಾರೋ ಎಂಬ ಪಂಡಿತನು, ದನ ಕುರಿ ಕುದುರೆಗಳ ಮಾತನ್ನು ಮುಗಿಸಿ ನಾಯಿಗೆ ಬಂದಾಗ, ಅದರ ಊಟವು ಕುರಿಯ ಮೇವಿಗಿಂತ ಮನುಷ್ಯನ ಊಟಕ್ಕೇ ಹತ್ತಿರವಾದುದೆಂದು ಹೇಳಿ, ಹಾಲಿನಲ್ಲಿ ನೆನೆಸಿದ ಜವೆಗೋದಿಯ ರೊಟ್ಟಿಯನ್ನು ವಿಧಿಸುತ್ತಾನೆ. ಇದರಲ್ಲಿ ದಯೆಗಿಂತ ಲೋಕವಿವೇಕವೇ ಹೆಚ್ಚು: ಹಸಿದ ನಾಯಿ ಮಂದೆಯನ್ನು ತೊರೆದು ಕೂಳನ್ನು ಅರಸುತ್ತ ಹೋಗುವುದು, ಸತ್ತ ಕುರಿಯ ಮಾಂಸವನ್ನು ತಿನ್ನಿಸಿದರೆ, ಆ ರುಚಿಗೆ ಸೋತು ನಾಳೆ ಬದುಕಿರುವ ಕುರಿಯ ಮೇಲೆಯೇ ಎರಗುವುದು. ಈದ ತಾಯಿಗೆ ಗೋದಿಗಿಂತ ಜವೆಯ ರೊಟ್ಟಿಯೇ ಲೇಸು, ಅದರಿಂದ ಹಾಲು ಹೆಚ್ಚುವುದು ಎಂದೂ, ಮರಿಗಳಲ್ಲಿ ಕೆಲವನ್ನೇ ಆರಿಸಿ ಉಳಿಸಿಕೊಂಡರೆ ಅವುಗಳಿಗೆ ಹಾಲು ಸಮೃದ್ಧವಾಗುವುದೆಂದೂ, ಮೊದಲ ಎರಡು ತಿಂಗಳು ತಾಯಿಯಿಂದ ಅಗಲಿಸದೆ ಕ್ರಮಕ್ರಮವಾಗಿ ಮೊಲೆ ಬಿಡಿಸಬೇಕೆಂದೂ ಅವನು ಹೇಳುತ್ತಾನೆ. ಒಂದು ಶತಮಾನದ ತರುವಾಯ ಬರೆದ ಕೊಲುಮೆಲ್ಲನು, ತಾಯಿಗೆ ಹಾಲು ಸಾಲದಿದ್ದರೆ ಮರಿಗೆ ನಾಲ್ಕು ತಿಂಗಳು ತುಂಬುವವರೆಗೆ ಮೇಕೆಯ ಹಾಲನ್ನು ಕೊಡಬೇಕೆಂದು ಸೇರಿಸುತ್ತಾನೆ. ಇಂದಿನ ಪಶುವೈದ್ಯರು ಮರಿಯನ್ನು ಎಂಟು ವಾರಕ್ಕೆ ಮುಂಚೆ ತಾಯಿಯಿಂದ ತರಬೇಡಿರೆಂದು ಹೇಳುವಾಗ, ಅವರಿಗೆ ತಿಳಿಯದೆಯೇ ಆ ಮುದುಕ ವಾರೋವಿನ ಲೆಕ್ಕವನ್ನು ಅನುಮೋದಿಸುತ್ತಿರುತ್ತಾರೆ.

ಆಮೇಲಿನ ದೀರ್ಘಕಾಲದಲ್ಲಿ ಬಹುಪಾಲು ನಾಯಿಗಳು ಮನೆಯವರು ಉಂಡು ಬಿಟ್ಟುದನ್ನೇ ತಿಂದು ಬದುಕಿದವು. ನಮ್ಮ ಬಡಗಣ ಸೀಮೆಯಲ್ಲಿ ಜೋಳದ ರೊಟ್ಟಿ, ಸ್ಕಾಟ್ಲೆಂಡಿನಲ್ಲಿ ಓಟ್ಸಿನ ಗಂಜಿ. ಒಡೆಯನ ಧಾನ್ಯ ಯಾವುದೋ ಅದೇ ನಾಯಿಯ ಧಾನ್ಯ. ಅಳತೆಯ ಮಾತನ್ನು ಮೊದಲು ಎತ್ತಿದವರು ವ್ಯಾಪಾರಿಗಳು. ಮಿಂಚುವಾಹಕಗಳನ್ನು ಮಾರಲೆಂದು ಅಮೆರಿಕದಿಂದ ಲಂಡನ್ನಿಗೆ ಬಂದ ಜೇಮ್ಸ್ ಸ್ಪ್ರ್ಯಾಟ್ ಎಂಬಾತನು, ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಗಟ್ಟಿ ಬಿಸ್ಕತ್ತನ್ನು ಬೀದಿನಾಯಿಗಳು ಕಚ್ಚಾಡಿ ತಿನ್ನುವುದನ್ನು ಕಂಡು, 1860ರ ಸುಮಾರಿಗೆ ಗೋದಿ, ತರಕಾರಿ, ಬೀಟ್‌ರೂಟು, ಒಣಮಾಂಸಗಳನ್ನು ಬೆರೆಸಿದ ನಾಯಿಬಿಸ್ಕತ್ತನ್ನು ಹೊರಡಿಸಿದನೆಂಬ ಐತಿಹ್ಯವಿದೆ. ಆ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದ ಚಾರ್ಲ್ಸ್ ಕ್ರಫ್ಟನೇ 1891ರಲ್ಲಿ ತನ್ನ ಹೆಸರಿನ ಪ್ರಸಿದ್ಧ ಶ್ವಾನಪ್ರದರ್ಶನವನ್ನು ಆರಂಭಿಸಿದವನು. ಬಿಸ್ಕತ್ತು ಸುಲಭವಾಗಿ ಎಣಿಸಿ ಹಾಕತಕ್ಕ ವಸ್ತುವಾಯಿತು, ನಿಜ. ಆದರೆ ಮರಿಯ ಎಲುಬಿಗೆ ಬೇಕಾದುದೇನೆಂಬುದನ್ನು ಅದನ್ನು ಮಾಡಿದವರೂ ಅರಿತಿರಲಿಲ್ಲ, ಕೊಂಡವರೂ ಅರಿತಿರಲಿಲ್ಲ.

ಆ ಅರಿವು ಬಂದುದು, ವಿಚಿತ್ರವೆಂದರೆ, ನಾಯಿಮರಿಗಳ ಹಿತಕ್ಕಾಗಿ ಮಾಡಿದ ಶೋಧನೆಯಿಂದಲ್ಲ. ಹೊಗೆ ಮುಸುಕಿದ ಆಂಗ್ಲ ಕೈಗಾರಿಕಾ ನಗರಗಳಲ್ಲಿ ಬಡವರ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದ ರಿಕೆಟ್ಸ್ ರೋಗದ ಮೂಲವನ್ನು ಕಂಡುಹಿಡಿಯಲು ನಿಯುಕ್ತನಾದ ಎಡ್ವರ್ಡ್ ಮೆಲನ್‌ಬಿಯು, ಮೊದಲ ಮಹಾಯುದ್ಧದ ವರ್ಷಗಳಲ್ಲಿ, ಶೀಘ್ರವಾಗಿ ಬೆಳೆಯುವ ಪ್ರಾಣಿಯೆಂಬ ಕಾರಣದಿಂದ ನಾಯಿಮರಿಗಳನ್ನು ಆರಿಸಿಕೊಂಡು, ಮನೆಯೊಳಗೇ ಇರಿಸಿ, ಓಟ್ಸಿನ ಗಂಜಿಯೇ ಪ್ರಧಾನವಾದ, ಹಾಲು ಅತ್ಯಲ್ಪವಾದ ಆಹಾರವನ್ನು ತಿಂಗಳುಗಟ್ಟಲೆ ಕೊಟ್ಟನು. ಅವುಗಳ ಕಾಲುಗಳೂ ಬಾಗಿದವು. ಅದೇ ಗಂಜಿಗೆ ಕಾಡ್ ಮೀನಿನ ಪಿತ್ತಜನಕಾಂಗದ ಎಣ್ಣೆಯನ್ನು ಬೆರೆಸಿದಾಗ ರೋಗ ಬರಲಿಲ್ಲ. ಅಗಸೆಯೆಣ್ಣೆಯಿಂದ ಆ ಫಲ ಸಿಗಲಿಲ್ಲ. 1919ರಲ್ಲಿ ಪ್ರಕಟವಾದ ಈ ಪ್ರಯೋಗಗಳಲ್ಲಿ ಅವನು ಆ ರಕ್ಷಕದ್ರವ್ಯವನ್ನು ವಿಟಮಿನ್ ‘ಎ’ ಇರಬಹುದೆಂದು ಊಹಿಸಿದ್ದನು. ಬಿಸಿಮಾಡಿ ಗಾಳಿ ಹಾಯಿಸಿ ‘ಎ’ಯನ್ನು ನಾಶಮಾಡಿದ ಮೀನೆಣ್ಣೆಯೂ ರಿಕೆಟ್ಸನ್ನು ಗುಣಪಡಿಸುವುದನ್ನು 1922ರಲ್ಲಿ ತೋರಿಸಿಕೊಟ್ಟ ಅಮೆರಿಕದ ಮೆಕಾಲಮನು, ಆ ಬೇರೆ ವಸ್ತುವಿಗೆ ‘ಡಿ’ ಎಂದು ಹೆಸರಿಟ್ಟನು.  ಮೆಲನ್‌ಬಿಯ ಗ್ರಹಿಕೆಯೊಂದು ಮುಂದಿನ ಕಥೆಗೆ ಬೀಜವಾಯಿತು: ಮರಿ ಎಷ್ಟು ವೇಗವಾಗಿ ಬೆಳೆಯುವುದೋ ಅಷ್ಟು ತೀವ್ರವಾಗಿ ರೋಗಕ್ಕೆ ತುತ್ತಾಗುವುದು. ಧಾನ್ಯದಲ್ಲಿರುವ ಫೈಟಿಕ್ ಆಮ್ಲವು ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಮನ್ನು, ದೇಹಕ್ಕೆ ದಕ್ಕಗೊಡದೆ ಹಿಡಿದಿಟ್ಟುಕೊಳ್ಳುವುದೆಂಬುದನ್ನು ಅವನೇ ಮುಂದೆ ಕಂಡುಕೊಂಡನು. ಮೂಕಪ್ರಾಣಿಗಳ ನೋವಿನಿಂದ ಮನುಷ್ಯಶಿಶುಗಳಿಗೆ ದೊರೆತ ಈ ಲಾಭವನ್ನು ಓದುವಾಗ ಕೃತಜ್ಞತೆಯ ಜೊತೆಗೆ ಸಂಕೋಚವೂ ಆಗದೆ ಇರದು.

ಏನನ್ನು ತಿನ್ನಿಸಬೇಕೆಂಬ ಪ್ರಶ್ನೆ ಹೀಗೆ ಬಗೆಹರಿದ ಮೇಲೆಯೂ, ಎಷ್ಟು ಎಂಬ ಪ್ರಶ್ನೆ ಅರ್ಧ ಶತಮಾನ ಕಾಯಬೇಕಾಯಿತು. ಒಣ ಕಾಳಿನ ರೂಪದ ನಾಯಿಯ ಆಹಾರವು 1957ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ತರುವಾಯ, ತಟ್ಟೆಯನ್ನು ಸದಾ ತುಂಬಿಡುವುದು ಸುಲಭವಾಯಿತು; ಗುಂಡಗಿರುವ ಮರಿಯೇ ಆರೋಗ್ಯವಂತ ಮರಿಯೆಂಬ ನಂಬಿಕೆಯಂತೂ ಮೊದಲಿನಿಂದಲೂ ಇತ್ತು. 1974ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಹೆಡ್‌ಹ್ಯಾಮರ್ ಮತ್ತು ಸಂಗಡಿಗರು, ಗ್ರೇಟ್ ಡೇನ್ ಮರಿಗಳಲ್ಲಿ ಕೆಲವಕ್ಕೆ ಬೇಕಾದಷ್ಟನ್ನೂ, ಉಳಿದವಕ್ಕೆ ಅದರ ಮೂರರಲ್ಲಿ ಎರಡು ಪಾಲನ್ನೂ ಕೊಟ್ಟು ನೋಡಿದಾಗ, ಯಥೇಚ್ಛವಾಗಿ ತಿಂದು ಶೀಘ್ರವಾಗಿ ಬೆಳೆದ ಮರಿಗಳ ಎಲುಬು ಕೀಲುಗಳೇ ಕೆಟ್ಟಿದ್ದವು. ದೊಡ್ಡ ತಳಿಯ ಮರಿಗೆ ಸುಣ್ಣದ ಅಂಶ ಅತಿಯಾದರೂ ಎಲುಬು ವಿಕಾರವಾಗುವುದೆಂದು ನೆದರ್ಲೆಂಡಿನ ಉಟ್ರೆಕ್ಟಿನವರು ತೋರಿಸಿದರು. 48 ಲ್ಯಾಬ್ರಡಾರುಗಳನ್ನು ಎಂಟು ವಾರದ ಮರಿಗಳಾಗಿದ್ದಾಗಿನಿಂದ ಜೋಡಿಜೋಡಿಯಾಗಿ ಸಾಕಿ, ಜೋಡಿಯಲ್ಲಿ ಒಂದಕ್ಕೆ ಕಾಲುಭಾಗ ಕಡಿಮೆ ಕೊಟ್ಟ ಮತ್ತೊಂದು ಅಧ್ಯಯನವು 2002ರಲ್ಲಿ ಪ್ರಕಟವಾಯಿತು. ಮಿತವಾಗಿ ಉಂಡವುಗಳ ಮಧ್ಯಮ ಆಯುಷ್ಯ 13 ವರ್ಷ, ಉಳಿದವುಗಳದು 11.2.

ಮರಿಯನ್ನು ಮನೆಗೆ ತಂದಿರುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು ಹೊತ್ತು, ಆಮೇಲೆ ಎರಡು ಹೊತ್ತು ಗೊತ್ತಾದ ವೇಳೆಗೆ ಅಳೆದು ಹಾಕಿರಿ, ಪಕ್ಕೆಲುಬು ಸವರಿದರೆ ಕೈಗೆ ಸಿಗುವಂತಿರಲಿ, ವೈದ್ಯರು ಹೇಳದ ಹೊರತು ಕ್ಯಾಲ್ಸಿಯಂ ಪುಡಿಯನ್ನು ತಟ್ಟೆಗೆ ಬೆರೆಸಬೇಡಿರಿ.