ಮೇಬಿ ಹ್ಯಾಪಿ ಎಂಡಿಂಗ್

ದಕ್ಷಿಣ ಕೊರಿಯದಲ್ಲಿ ಹುಟ್ಟಿ ಅಮೆರಿಕದ ಬ್ರಾಡ್‌ವೇಯಲ್ಲಿ ಹೆಸರು ಮಾಡಿದ ಸಂಗೀತ ನಾಟಕ. ಸಾಹಿತ್ಯ ಹ್ಯೂ ಪಾರ್ಕ್, ಸಂಗೀತ ಅಮೆರಿಕದ ವಿಲ್ ಆರನ್‌ಸನ್, ಕಥನ ಇಬ್ಬರದೂ. ಮೊದಲ ಪೂರ್ಣ ಪ್ರದರ್ಶನ 2016ರಲ್ಲಿ ಸೋಲ್‌ನಲ್ಲಿ, ಕೊರಿಯನ್ ಭಾಷೆಯಲ್ಲಿ ನಡೆಯಿತು.

ಕಥೆ ಮುಂದಿನ ಕಾಲದ ಸೋಲ್‌ನದು. ಮನೆಗೆಲಸಕ್ಕೆಂದು ತಯಾರಾಗಿ, ಹಳತಾದ ಮೇಲೆ ಮೂಲೆಗುಂಪಾದ ರೋಬೋಗಳ ವಸತಿಯಲ್ಲಿ ಆಲಿವರ್ ಇದ್ದಾನೆ. ಕುಂಡದ ಗಿಡದೊಡನೆ ಮಾತಾಡುತ್ತ, ಜಾಝ್ ಕೇಳುತ್ತ, ಹಳೆಯ ಯಜಮಾನ ಇಂದೋ ನಾಳೆಯೋ ಬಂದಾನೆಂದು ಕಾಯುತ್ತಾನೆ. ಎದುರುಮನೆಯ ರೋಬೋ ಕ್ಲೇರ್ ತನ್ನ ಚಾರ್ಜರ್ ಕೆಟ್ಟಿದೆ, ಸ್ವಲ್ಪ ಹೊತ್ತು ಕೊಡು ಎಂದು ಬಾಗಿಲು ತಟ್ಟುತ್ತಾಳೆ. ಕೇಳಿದ್ದು ಇಷ್ಟೇ, ಪ್ರೇಮಕಥೆ ಅಲ್ಲಿಂದ ಹೊರಡುತ್ತದೆ. ಅವನಿಗೆ ಯಜಮಾನನನ್ನು, ಅವಳಿಗೆ ಮಿಣುಕುಹುಳುಗಳನ್ನು ನೋಡುವ ಆಸೆ. ಅದಕ್ಕಾಗಿ ಇಬ್ಬರೂ ಜೇಜು ದ್ವೀಪಕ್ಕೆ ಹೊರಡುತ್ತಾರೆ. ಬಾಳಿಕೆ ಮುಗಿಯುತ್ತಿರುವ ಯಂತ್ರಗಳ ಮೂಲಕ ಮುಪ್ಪು, ಮರೆವುಗಳನ್ನು ಹೇಳಿರುವುದೇ ಕೃತಿಯ ಹೆಚ್ಚುಗಾರಿಕೆ.

ಇಂಗ್ಲಿಷ್ ರೂಪ 2020ರಲ್ಲಿ ಅಟ್ಲಾಂಟದಲ್ಲಿ ರಂಗಕ್ಕೆ ಬಂತು. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಬೆಲಾಸ್ಕೊ ರಂಗಮಂದಿರದಲ್ಲಿ ಮೈಕೆಲ್ ಆರ್ಡೆನ್ ನಿರ್ದೇಶನದಲ್ಲಿ ಬ್ರಾಡ್‌ವೇ ಪ್ರದರ್ಶನ ಅಧಿಕೃತವಾಗಿ ಆರಂಭವಾಯಿತು. ಡ್ಯಾರೆನ್ ಕ್ರಿಸ್ ಮತ್ತು ಹೆಲೆನ್ ಜೆ. ಶೆನ್ ಆಗ ಮುಖ್ಯ ಪಾತ್ರಧಾರಿಗಳಾಗಿದ್ದರು. ಪ್ರಸಿದ್ಧ ಸಿನಿಮಾ, ಕಾದಂಬರಿಗಳ ಆಸರೆಯಿಲ್ಲದ ಈ ನಾಟಕಕ್ಕೆ ಮೊದಮೊದಲು ಟಿಕೆಟ್ ಮಾರಾಟ ಮಂದವಾಗಿತ್ತು. ನೋಡಿದವರ ಬಾಯಿಮಾತೇ ಜನರನ್ನು ತಂದಿತು. ಕಥೆಯನ್ನು ಅಮೆರಿಕಕ್ಕೆ ಒಗ್ಗಿಸದೆ ಸೋಲ್‌ನಲ್ಲೇ ಉಳಿಸಿದ್ದು ಸರಿಯಾದ ತೀರ್ಮಾನ. 2025ರಲ್ಲಿ ಅತ್ಯುತ್ತಮ ಸಂಗೀತ ನಾಟಕ, ಕಥನ, ಸಂಗೀತ–ಸಾಹಿತ್ಯ, ನಿರ್ದೇಶನ, ನಾಯಕ ನಟ, ರಂಗಸಜ್ಜಿಕೆ ವಿಭಾಗಗಳಲ್ಲಿ ಒಟ್ಟು 6 ಟೋನಿ ಪ್ರಶಸ್ತಿಗಳು ಇದಕ್ಕೆ ಸಂದವು.