ಹುಲ್ಲು ಕತ್ತರಿಸುವ ಯಂತ್ರದ ಪೂರ್ವೋತ್ತರ



ಹುಲ್ಲು ಕೊಯ್ಯುವುದೆಂದರೆ ನಮ್ಮ ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ದನಕರುಗಳ ಹೊಟ್ಟೆಯ ಮಾತು. ಬದುವಿನ ಹುಲ್ಲಾಗಲಿ, ತೆಂಗಿನ ತೋಟದ ಹುಲ್ಲಾಗಲಿ, ಕೊಯ್ದದ್ದು ಹೊರೆಯಾಗಿ ಕೊಟ್ಟಿಗೆ ಸೇರುತ್ತದೆ. ನೆಲ ಅಂದವಾಗಿ ಕಾಣಲೆಂದು ಹುಲ್ಲನ್ನು ಬೆಳೆಸಿ, ಬೆಳೆದದ್ದನ್ನು ಕತ್ತರಿಸಿ ಚೆಲ್ಲುವ ಪದ್ಧತಿ ನಮ್ಮ ಹಿರಿಯರಿಗೆ ವಿಚಿತ್ರವಾಗಿಯೇ ಕಂಡೀತು. ಆದರೂ ಆ ಪದ್ಧತಿಗೆಂದೇ ಹುಟ್ಟಿದ ಒಂದು ಯಂತ್ರವನ್ನು ನಾನು ಸಿ.ಎಸ್. ಪುರದ ಮನೆಯಲ್ಲಿ ಬಿಚ್ಚಿ, ತೊಳೆದು, ಮತ್ತೆ ನಡೆಯುವಂತೆ ಮಾಡಿದ್ದೇನೆ. ಕೈಯಿಂದ ತಳ್ಳುವ ಹಳೆಯ ಲಾನ್ ಮೋವರ್ ಅದು. ತುಮಕೂರಿನ ಗುಜರಿಯಲ್ಲಿ ಕಬ್ಬಿಣದ ತೂಕದ ಲೆಕ್ಕದಲ್ಲಿ ದೊರೆಯಿತು. ತಯಾರಕರ ಹೆಸರಿದ್ದ ಭಾಗ ತುಕ್ಕು ತಿಂದು ಹೋಗಿತ್ತು. ಬಿಡಿಭಾಗಗಳಿಗಾಗಿ ಅಂಗಡಿಯೊಂದರಲ್ಲಿ ವಿಚಾರಿಸಿದರೆ, “ಇದನ್ನು ಎಸೆದು ಹೊಸದು ತಗೊಳ್ಳಿ ಸಾರ್” ಎಂಬ ಉತ್ತರ ಬಂದಿತು. ಎಸೆಯುವ ಮೊದಲು ಇದು ಎಲ್ಲಿಂದ ಬಂದಿತೆಂದು ತಿಳಿಯೋಣವೆಂದು ಹೊರಟೆ. ತಿಳಿದದ್ದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಈ ಯಂತ್ರದ ಮೂಲಪುರುಷ ಎಡ್ವಿನ್ ಬಡಿಂಗ್ ಎಂಬ ಇಂಗ್ಲಿಷ್ ಕುಶಲಕರ್ಮಿ. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಪಟ್ಟಣದ ಸಮೀಪದ ಥ್ರಪ್ ಎಂಬಲ್ಲಿ ಆತನ ಕೆಲಸ. ಆ ಕಣಿವೆ ಉಣ್ಣೆಬಟ್ಟೆಗೆ ಹೆಸರಾದದ್ದು. ಮಗ್ಗದಿಂದ ಇಳಿದ ಉಣ್ಣೆಬಟ್ಟೆಯ ಮೇಲೆ ನವಿರಾದ ಎಳೆಗಳು ಎದ್ದುನಿಂತಿರುತ್ತವೆ. ಅವುಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸಿದಾಗಲೇ ಬಟ್ಟೆಗೆ ನಯ ಬರುವುದು. ಈ ಕೆಲಸಕ್ಕೆ ಬ್ರಿಮ್ಸ್‌ಕೂಂಬ್‌ನ ಜಾನ್ ಲೂಯಿಸ್ ಎಂಬಾತ 1815ರಲ್ಲಿ ಸುತ್ತುವ ಅಲಗುಗಳ ಯಂತ್ರವೊಂದಕ್ಕೆ ಪೇಟೆಂಟ್ ಪಡೆದಿದ್ದ. ಅಂತಹ ಯಂತ್ರಗಳೊಡನೆ ಒಡನಾಡಿದ್ದ ಬಡಿಂಗ್‌ಗೆ, ಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವ ಉಪಾಯ ನೆಲದ ಮೇಲಿನ ಹುಲ್ಲಿಗೂ ಸಲ್ಲುವುದೆಂದು ಹೊಳೆಯಿತು. 1830ರ ಆಗಸ್ಟ್ 31ರಂದು ಆತನಿಗೆ ಪೇಟೆಂಟ್ ದೊರೆಯಿತು. ಜಾನ್ ಫೆರಾಬಿ ಎಂಬ ಎರಕದ ಕಾರ್ಖಾನೆಯ ಒಡೆಯ ಬಂಡವಾಳ ಹಾಕಿದ. ಜನ ನಗಬಾರದೆಂದು ಬಡಿಂಗ್ ತನ್ನ ಯಂತ್ರವನ್ನು ರಾತ್ರಿಯ ಹೊತ್ತು ಪರೀಕ್ಷಿಸುತ್ತಿದ್ದನೆಂಬ ಐತಿಹ್ಯವೂ ಉಂಟು. ತಿರುಪಿನಿಂದ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಒಂದು ಬಗೆಯ ಸ್ಪ್ಯಾನರ್ ರೂಪಿಸಿದ ಶ್ರೇಯಸ್ಸನ್ನೂ ಆತನಿಗೆ ಸಲ್ಲಿಸುತ್ತಾರೆ.

ಕತೆಯ ಇನ್ನೊಂದು ಮುಖವನ್ನೂ ಇಲ್ಲಿಯೇ ಹೇಳಬೇಕು. ಯಂತ್ರ ಬರುವುದಕ್ಕೆ ಮೊದಲು ಬಟ್ಟೆಯ ನವಿರನ್ನು ಕತ್ತರಿಸುತ್ತಿದ್ದವರು ಕ್ರಾಪರ್‌ಗಳೆಂಬ ಕುಶಲಿಗಳು. ಅವರ ಕತ್ತರಿಯೊಂದರ ತೂಕವೇ ಸುಮಾರು 18 ಕಿಲೋ. ಅದನ್ನು ಆಡಿಸಿ ಆಡಿಸಿ ಮಣಿಕಟ್ಟಿನ ಮೇಲೆ ಗೊರಸಿನಂತಹ ಗಡ್ಡೆಯೇಳುತ್ತಿತ್ತು. ಆ ಗಡ್ಡೆಯೇ ಅವರ ಕಸುಬಿನ ಗುರುತು. ಕತ್ತರಿಗಳನ್ನು ಚೌಕಟ್ಟಿಗೆ ಜೋಡಿಸಿ ನೀರಿನ ಬಲದಿಂದ ಆಡಿಸುವ ಯಂತ್ರಗಳು ಬಂದಾಗ ಅವರ ಅನ್ನ ಹೋಯಿತು. ಲಡ್ಡೈಟ್ ದಂಗೆಯನ್ನು ನೀವು ಚರಿತ್ರೆಯ ಪಾಠದಲ್ಲಿ ಓದಿರುತ್ತೀರಿ. 1812ರಲ್ಲಿ ಯಾರ್ಕ್‌ಶೈರಿನಲ್ಲಿ ಇಂತಹ ಯಂತ್ರಗಳನ್ನು ಒಡೆದವರಲ್ಲಿ ಈ ಕ್ರಾಪರ್‌ಗಳೇ ಮುಂದಾಳುಗಳು. ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಶಾಸನ ಅದೇ ವರ್ಷ ಬಂದಿತು. ಕವಿ ಬೈರನ್ ಸಂಸತ್ತಿನ ಮೇಲ್ಮನೆಯಲ್ಲಿ ಆ ಮಸೂದೆಯ ವಿರುದ್ಧ ಮಾತನಾಡಿದನಾದರೂ ಫಲ ಕಾಣಲಿಲ್ಲ. 1813ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಇದಾದ ಎರಡೇ ವರ್ಷಗಳಿಗೆ ಲೂಯಿಸನ ಸುತ್ತುವ ಅಲಗು, ಅದರ ಹದಿನೈದು ವರ್ಷಗಳಿಗೆ ಬಡಿಂಗನ ಮೋವರ್. ಶ್ರೀಮಂತರ ಅಂಗಳದ ಹಸಿರಿಗೆ ಹೀಗೊಂದು ಹಿನ್ನೆಲೆಯಿದೆ.

ಮುಂದಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1832ರಲ್ಲಿ ಇಪ್ಸ್‌ವಿಚ್‌ನ ರಾನ್ಸಮ್ಸ್ ಕಂಪನಿ ಪರವಾನಗಿ ಪಡೆದು ಮೋವರ್ ತಯಾರಿಕೆಗೆ ತೊಡಗಿತು. 1842ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಶ್ಯಾಂಕ್ಸ್ ತಟ್ಟು ಕುದುರೆ ಎಳೆಯುವ ಯಂತ್ರವನ್ನು ತಂದ. ಗೊರಸಿನ ಗುರುತು ಹುಲ್ಲಿನ ಮೇಲೆ ಮೂಡಬಾರದೆಂದು ಕುದುರೆಗಳಿಗೆ ತೊಗಲಿನ ಬೂಟು ತೊಡಿಸುತ್ತಿದ್ದರು. 1902ರಲ್ಲಿ ರಾನ್ಸಮ್ಸ್ ಪೆಟ್ರೋಲ್ ಎಂಜಿನ್ನಿನ ಮೋವರನ್ನು ಮಾರಾಟಕ್ಕಿಟ್ಟಿತು.

ಇಂಗ್ಲಿಷರು ಹೋದಲ್ಲೆಲ್ಲ ಅವರ ಹುಲ್ಲುಹಾಸೂ ಹೋಯಿತು. ನಮ್ಮ ದೇಶದಲ್ಲಿ ಕುದುರೆಯ ಜಾಗಕ್ಕೆ ಎತ್ತು ಬಂದಿತು. ತಾಜ್ ಮಹಲಿನ ಉದ್ಯಾನದಲ್ಲಿ ಎತ್ತುಗಳು ಮೋವರ್ ಎಳೆಯುವ ಚಿತ್ರಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನಮ್ಮ ಸಂಸ್ಥಾನದ ಮಾತಿಗೆ ಬಂದರೆ, ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದಿದ್ದ ಜರ್ಮನ್ ತಜ್ಞ ಕ್ರುಂಬಿಗಲ್ 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ಲಾಲ್‌ಬಾಗಿನ ಗಾಜಿನ ಮನೆಯ ಮುಂದೆಯೋ, ಕನ್ನಂಬಾಡಿಯ ಬೃಂದಾವನದಲ್ಲಿಯೋ ಮಕ್ಕಳೊಡನೆ ಕುಳಿತು ಬುತ್ತಿ ಬಿಚ್ಚಿದವರೆಲ್ಲ ಹುಲ್ಲುಹಾಸೆಂಬ ಈ ಆಮದು ಪದಾರ್ಥದ ಸುಖವನ್ನು ಉಂಡವರೇ. ನಮ್ಮ ನೆರೆಯ ಕುಣಿಗಲ್ಲಿನ ಕುದುರೆ ಫಾರಂನಲ್ಲಾದರೋ ಹುಲ್ಲು ಕುದುರೆಗಾಗಿ ಬೆಳೆಯಿತು.

ಒಂದು ವಿಷಯವನ್ನು ಮಾತ್ರ ಹೊರಗಿನಿಂದ ತರಬೇಕಾಗಲಿಲ್ಲ. ಅದು ನಮ್ಮ ಗರಿಕೆ. ಗಣಪತಿಗೆ ಏರಿಸುವ ಗರಿಕೆಯೇ ಲಾನ್‌ಗಳಿಗೂ ಆಟದ ಮೈದಾನಗಳಿಗೂ ಒಗ್ಗಿದ ಹುಲ್ಲು. ಹುಲ್ಲಿನ ಜಾತಿಯ ಗಿಡಗಳಲ್ಲಿ ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ದನ ಮೇದರೂ ಯಂತ್ರ ಕತ್ತರಿಸಿದರೂ ಅದು ಮತ್ತೆ ಚಿಗುರುವ ಗುಟ್ಟು ಇದು. ಗರಿಕೆಯಾದರೋ ಅಲಗಿಗೆ ಸಿಗದಂತೆ ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ; ಬರಗಾಲದಲ್ಲಿ ಒಣಗಿದಂತೆ ಕಂಡರೂ ಮೊದಲ ಮಳೆಗೆ ಹಸಿರಾಗುತ್ತದೆ. ನಮ್ಮ ಮನೆಯ ಮುಂದಿನ ತುಂಡುನೆಲದಲ್ಲಿ ಇರುವುದೂ ಯಾರೂ ನೆಡದೆ ಬಂದ ಗರಿಕೆಯೇ.

ಇನ್ನು ಯಂತ್ರದ ಒಳಗುಟ್ಟು. ಕುಡುಗೋಲು ಹುಲ್ಲನ್ನು ಹಿಡಿದೆಳೆದು ಕೊಯ್ಯುತ್ತದೆ. ಈ ಯಂತ್ರವಾದರೋ ಕತ್ತರಿಯಂತೆ ಎರಡು ಅಲಗುಗಳ ನಡುವೆ ಕತ್ತರಿಸುತ್ತದೆ. ಕೆಳಗೆ ಅಲುಗಾಡದ ಒಂದು ಪಟ್ಟಿ ಅಲಗು. ಅದರ ಮೇಲೆ ಸುತ್ತುವ ಉರುಳೆಗೆ ಸುರುಳಿಯಾಗಿ ತಿರುಚಿದ ಐದು ಅಲಗುಗಳು. ತಿರುಚಿರುವುದರಿಂದ ಅಲಗು ಪೂರ್ತಿ ಉದ್ದಕ್ಕೆ ಒಮ್ಮೆಲೇ ತಾಗದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತಾ ಬರುತ್ತದೆ. ಆದುದರಿಂದ ತಳ್ಳುವವನಿಗೆ ಹಗುರ. ಒಂದು ಸಣ್ಣ ಲೆಕ್ಕ ಮಾಡೋಣ. ಗಾಲಿಯ ಒಳಸುತ್ತಿನಲ್ಲಿ 60 ಹಲ್ಲು, ಉರುಳೆಯ ಪುಟ್ಟ ಚಕ್ರದಲ್ಲಿ 12 ಹಲ್ಲು. ಗಾಲಿ ಒಮ್ಮೆ ಸುತ್ತಿದರೆ ಉರುಳೆ 5 ಬಾರಿ ಸುತ್ತುತ್ತದೆ. ಐದು ಅಲಗಿನಂತೆ 25 ಕತ್ತರಿ. ಗಾಲಿಯ ವ್ಯಾಸ 9 ಅಂಗುಲ, ಸುತ್ತಳತೆ 28 ಅಂಗುಲಕ್ಕೆ ಸ್ವಲ್ಪ ಹೆಚ್ಚು. ಎಂದರೆ ಒಂದು ಅಂಗುಲ ಮುಂದೆ ಹೋಗುವಷ್ಟರಲ್ಲಿ ಸರಿಸುಮಾರು ಒಂದು ಕತ್ತರಿ. ಎಂಟನೆಯ ತರಗತಿಯ ಗಣಿತ ಇಷ್ಟೂ ಕೆಲಸಕ್ಕೆ ಸಾಕು.

ದುರಸ್ತಿಗೆ ಮೂರು ವಾರ ಹಿಡಿಯಿತು. ಬಿಚ್ಚಿದ ತಿರುಪುಗಳನ್ನು ತೆಂಗಿನ ಕರಟಗಳಲ್ಲಿ ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿಟ್ಟೆ. ಹಲ್ಲುಚಕ್ರಗಳನ್ನು ಡೀಸೆಲ್‌ನಲ್ಲಿ ನೆನೆಸಿ ತಂತಿಯ ಬ್ರಷ್‌ನಿಂದ ತಿಕ್ಕಿದೆ. ಸವೆದುಹೋಗಿದ್ದ ಬುಷ್‌ಗಳನ್ನು ಹೊಸದಾಗಿ ಕಡೆದುಕೊಟ್ಟವನು ತುಮಕೂರಿನಲ್ಲಿ ಲೇತ್ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿ. ಅವನ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್ ತಯಾರಿಸಿದ್ದು. 1941ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಅದರ ಯಂತ್ರ ಇನ್ನೂ ದುಡಿಯುತ್ತಿದೆ. ಕಿರ್ಲೋಸ್ಕರ್ ಮನೆತನದ ಉದ್ಯಮ ಮೊದಲಾದದ್ದು 1888ರಲ್ಲಿ, ನಮ್ಮ ಬೆಳಗಾವಿಯಲ್ಲಿ, ಲಕ್ಷ್ಮಣರಾಯರ ಸೈಕಲ್ ಅಂಗಡಿಯಿಂದ. ಅವರು ಮೊದಮೊದಲು ತಯಾರಿಸಿದ ಸರಕುಗಳಲ್ಲೊಂದು ಮೇವು ಕತ್ತರಿಸುವ ಯಂತ್ರ. ಅದರಲ್ಲಿಯೂ ನಿಂತ ಅಂಚಿನ ಮೇಲೆ ಸುತ್ತುವ ಅಲಗು ಹಾಯ್ದೇ ಮೇವು ತುಂಡಾಗುವುದು. ಇಂಗ್ಲೆಂಡಿನಲ್ಲಿ ಬಟ್ಟೆಯಿಂದ ಅಂಗಳಕ್ಕೆ ಇಳಿದ ಉಪಾಯದ ದಾಯಾದಿ ಬೆಳಗಾವಿಯಲ್ಲಿ ದನದ ಹೊಟ್ಟೆಗೆ ದುಡಿಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಗಾಲಿಯೊಳಗಿನ ಉಕ್ಕಿನ ಒಂದು ಪುಟ್ಟ ತುಂಡು. ಮುಂದೆ ತಳ್ಳಿದಾಗ ಉರುಳೆಯನ್ನು ಹಿಡಿದು ಸುತ್ತಿಸಿ, ಹಿಂದೆ ಎಳೆದಾಗ ಬಿಟ್ಟುಕೊಡುವುದು ಅದರ ಕೆಲಸ. ಸೈಕಲ್ಲಿನ ಫ್ರೀವೀಲ್ ಮಾಡುವುದೂ ಇದನ್ನೇ. ಎಡಗಾಲಿಯ ತುಂಡು ಕಳೆದುಹೋಗಿತ್ತು. ಅದನ್ನು ಮಾಡಿಕೊಟ್ಟವರು ಸಮೀಪದ ಹಳ್ಳಿಯ ವೃದ್ಧ ಆಚಾರ್ಯರು. ಯಂತ್ರವನ್ನು ನೋಡಿ ಮೊದಲು ನಕ್ಕರು. “ಏನ್ ಮೇಷ್ಟ್ರೇ, ಇಷ್ಟು ಹುಲ್ಲಿಗೆ ಕುಡ್ಲು ಸಾಕಾಗ್ಲಿಲ್ವಾ?” ಎಂದರು. ಬಲಗಾಲಿಯ ತುಂಡನ್ನು ಬೆರಳಲ್ಲಿ ಹೊರಳಿಸಿ ನೋಡಿ, ಮರುಮಾತಿಲ್ಲದೆ ಲಾರಿಯ ಕಮಾನುಪಟ್ಟಿಯ ಚೂರೊಂದನ್ನು ಕುಲುಮೆಗೆ ಇಟ್ಟರು. ಬಡಿದು, ಅರದಿಂದ ಉಜ್ಜಿ, ಕಾಸಿ ನೀರಿಗೆ ಅದ್ದಿದರು. ಹಾಗೆಯೇ ಬಿಟ್ಟರೆ ಉಕ್ಕು ಗಾಜಿನಂತೆ ಒಡೆಯುತ್ತದೆ. ಆದುದರಿಂದ ಮತ್ತೆ ಮೆಲ್ಲನೆ ಕಾಸಿ, ಅದರ ಮೈಮೇಲೆ ಒಣಹುಲ್ಲಿನ ಬಣ್ಣ ಬಂದೊಡನೆ ತೆಗೆದರು. ಲೋಹವಿಜ್ಞಾನದ ಪುಸ್ತಕಗಳೂ ಈ ಹದಕ್ಕೆ ಅದೇ ಬಣ್ಣದ ಹೆಸರನ್ನು ಕೊಡುತ್ತವೆ. ಆಚಾರ್ಯರು ಆ ಪುಸ್ತಕಗಳನ್ನು ಓದಿದವರಲ್ಲ. ಅವರ ಮಕ್ಕಳು ಬೆಂಗಳೂರಿನಲ್ಲಿ ಬೇರೆ ಕೆಲಸಗಳಲ್ಲಿದ್ದಾರೆ. ಅವರ ನಂತರ ಆ ಕುಲುಮೆಯ ಮುಂದೆ ಕೂರುವವರಿಲ್ಲ. ಯಾರ್ಕ್‌ಶೈರಿನ ಕ್ರಾಪರ್‌ಗಳ ಕಸುಬು ಗಲಭೆಯ ನಡುವೆ ಹೋಯಿತು. ನಮ್ಮಲ್ಲಿ ಇದು ಸದ್ದಿಲ್ಲದೆ ಹೋಗುತ್ತಿದೆ. ಮಕ್ಕಳು ಬೆಂಕಿಯ ಮುಂದೆ ಬೇಯಲೆಂದು ನಾನು ಬಯಸಲಾರೆ. ಆದರೆ ಆ ಕಣ್ಣಿನ ತಿಳಿವನ್ನು ಒಂದು ಹುಡುಗ ಅಥವಾ ಹುಡುಗಿಗಾದರೂ ದಾಟಿಸುವ ಏರ್ಪಾಡು ನಮ್ಮ ಶಾಲೆಗಳಲ್ಲಿ ಇಲ್ಲವಲ್ಲ ಎಂಬ ಕೊರಗು ನನಗಿದೆ.

ಕೊನೆಯ ಕೆಲಸ ಅಲಗುಗಳಿಗೆ ಹದ ತರುವುದು. ಎಂಜಿನ್ ವಾಲ್ವ್‌ಗಳಿಗೆ ಹಚ್ಚುವ ಗ್ರೈಂಡಿಂಗ್ ಪೇಸ್ಟನ್ನು ಸುತ್ತುವ ಅಲಗುಗಳ ಅಂಚಿಗೆ ಬಳಿದು, ಉರುಳೆಯನ್ನು ಹಿಮ್ಮುಖವಾಗಿ ತಿರುಗಿಸುತ್ತಾ ಹೋಗಬೇಕು. ಮೇಲಿನ ಅಲಗೂ ಕೆಳಗಿನ ಅಲಗೂ ಒಂದನ್ನೊಂದು ಸವೆಸಿ, ಒಂದಕ್ಕೊಂದು ಒಗ್ಗಿಕೊಳ್ಳುತ್ತವೆ. ಅಂಚಿನುದ್ದಕ್ಕೂ ಒಂದೇ ಅಗಲದ ಹೊಳೆಯುವ ಗೆರೆ ಮೂಡಿದರೆ ಕೆಲಸ ಮುಗಿಯಿತು. ಪೇಸ್ಟನ್ನು ಪೂರ್ತಿ ತೊಳೆದು, ಎರಡೂ ಕಡೆಯ ತಿರುಪುಗಳನ್ನು ಕೂದಲೆಳೆಯಷ್ಟು ಬಿಗಿಮಾಡಿ, ಹಳೆಯ ವೃತ್ತಪತ್ರಿಕೆಯ ಹಾಳೆಯನ್ನು ನಡುವೆ ಹಿಡಿದು ತಿರುಗಿಸಿದೆ. ಈ ತುದಿಯಿಂದ ಆ ತುದಿಯವರೆಗೆ ಹಾಳೆ ಕತ್ತರಿಸಿತು. ಜಾಲಿಮರದ ಹೊಸ ಹಿಡಿ ಹಾಕಿಸಿದ ಮೇಲೆ ಗರಿಕೆಯ ಮೇಲೆ ನಡೆಸಿದೆ. ಹಿತವಾದ ಚರಚರ ಸದ್ದು. ಕತ್ತರಿಸಿದ ಗರಿಕೆಯನ್ನು ಚೆಲ್ಲಲಿಲ್ಲ. ಅದು ಪಕ್ಕದ ಮನೆಯ ಹಸುವಿಗೆ ಹೋಗುತ್ತಿದೆ.

ಇಷ್ಟು ಹಳೆಯ ಯಂತ್ರ ಮತ್ತೆ ನಡೆದದ್ದರಲ್ಲಿ ನನ್ನ ಜಾಣ್ಮೆಯೇನೂ ಇಲ್ಲ. ಇದನ್ನು ಕಟ್ಟಿದವರು ಯಾವ ಭಾಗವನ್ನೂ ಬಚ್ಚಿಡಲಿಲ್ಲ. ಎಲ್ಲವೂ ತಿರುಪಿನಿಂದ ಬಿಚ್ಚುವಂಥದ್ದು, ಕಣ್ಣಿಗೆ ಕಾಣುವಂಥದ್ದು, ಕಳೆದುಹೋದರೆ ಹಳ್ಳಿಯ ಕುಲುಮೆಯಲ್ಲಿ ಮತ್ತೆ ಹುಟ್ಟುವಂಥದ್ದು. ಈಗ ನಾವು ಕೊಳ್ಳುವ ಬಹಳಷ್ಟು ವಸ್ತುಗಳಿಗೆ ಈ ಗುಣವಿಲ್ಲ. ಕೊಳ್ಳುವಾಗ “ಎಷ್ಟು ದಿನದ ಗ್ಯಾರಂಟಿ?” ಎಂದು ಕೇಳುವುದರ ಜೊತೆಗೆ “ಇದನ್ನು ಬಿಚ್ಚಬಹುದೇ?” ಎಂದೂ ಕೇಳಿ.

ನಿಮಗೆ ಒಂದು ಮನೆಗೆಲಸ ಕೊಟ್ಟು ಮುಗಿಸುತ್ತೇನೆ. ಮೇಷ್ಟರ ಚಾಳಿ ಬಿಡುವುದಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ಕೈಯಿಂದ ತಿರುಗಿಸುವ ಮೇವಿನ ಯಂತ್ರವಿದ್ದರೆ, ಅದರ ಚಕ್ರವನ್ನು ನಿಧಾನವಾಗಿ ತಿರುಗಿಸಿ ಅಲಗು ಎಲ್ಲಿ ತಾಗುತ್ತದೆಂದು ಮಕ್ಕಳಿಗೆ ತೋರಿಸಿ. ಬೆರಳು ಮಾತ್ರ ದೂರವಿರಲಿ.