ಲೀಟರಿಗೆ ಎಷ್ಟು ಕೊಡುತ್ತದೆ?

ನಮ್ಮ ಕಡೆ ಹಸುವನ್ನು ಕೊಳ್ಳುವವರೂ ವಾಹನವನ್ನು ಕೊಳ್ಳುವವರೂ ಕೇಳುವ ಪ್ರಶ್ನೆ ಒಂದೇ: ಎಷ್ಟು ಕೊಡುತ್ತದೆ? ದೆಹಲಿಯಲ್ಲಿ 1964ರಲ್ಲಿ ಆರಂಭವಾದ ಸ್ಟೇಟ್ಸ್‌ಮನ್ ಹಳೆಯ ಕಾರುಗಳ ರ‍್ಯಾಲಿಯನ್ನು ನೋಡಲು ಒಂದು ವರ್ಷ ಹೋಗಿದ್ದೆವು. ಉದ್ದ ಮೂತಿಯ ಜಾಗ್ವಾರ್ ಇ-ಟೈಪ್ ಒಂದರ ಪಕ್ಕದಲ್ಲಿ ನಿಂತಿದ್ದ ಹಿರಿಯರನ್ನು ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಹಿಂದಿಯಲ್ಲಿ ಇದೇ ಪ್ರಶ್ನೆಯನ್ನು ಕೇಳಿದ. “ಇದು ಕೊಡುವುದಿಲ್ಲ ಮಗು, ಕುಡಿಯುತ್ತದೆ” ಎಂದರು ಅವರು. ಸುತ್ತ ನಿಂತವರೆಲ್ಲ ನಕ್ಕರು, ನಾವೂ ನಕ್ಕೆವು. ಮೆಟ್ರೋದಲ್ಲಿ ಮನೆಗೆ ಮರಳುವಾಗ ಮಾತ್ರ, ಈ ನಗೆ ಎಂದಿನಿಂದ ಬಂದದ್ದು ಎಂಬ ಪ್ರಶ್ನೆ ಕಾಡತೊಡಗಿತು.

ಇದರ ತವರು ಇಂಗ್ಲೆಂಡು. ಅಲ್ಲಿನ ಹಳೆಯ ಸ್ಪೋರ್ಟ್ಸ್ ಕಾರಿನವರು ಇಬ್ಬರು ಸೇರಿದರೆ ಸಾಕು, ಇಂತಹ ಮಾತುಗಳು ಹೊರಡುತ್ತವೆ. ನನ್ನ ಕಾರು ರಸ್ತೆಯಲ್ಲಿ ಎಲ್ಲವನ್ನೂ ದಾಟಿಹೋಗುತ್ತದೆ, ಪೆಟ್ರೋಲ್ ಬಂಕೊಂದನ್ನು ಬಿಟ್ಟು, ಎನ್ನುತ್ತಾನೆ ಒಬ್ಬ. ಬಂಕಿನವನು ಎಂಜಿನ್ ನಿಲ್ಲಿಸಿ ಎಂದು ಅಂಗಲಾಚಿದ, ಅವನು ತುಂಬಿಸುವುದಕ್ಕಿಂತ ಬೇಗ ಅದು ಖಾಲಿ ಮಾಡುತ್ತಿತ್ತಂತೆ, ಎನ್ನುತ್ತಾನೆ ಇನ್ನೊಬ್ಬ. ಕೇಳುವವರಿಗೆ ಇವೆಲ್ಲ ಮೊದಲೇ ಗೊತ್ತು. ಆದರೂ ನಗುತ್ತಾರೆ.

ಇಂಧನ ನಗೆಯ ವಸ್ತುವಾಗುವ ಮೊದಲು ಆ ದೇಶದಲ್ಲಿ ಭಯದ ವಸ್ತುವಾಗಿತ್ತು. ಸೂಯೆಜ್ ಬಿಕ್ಕಟ್ಟಿನಿಂದಾಗಿ 1956ರ ಡಿಸೆಂಬರಿನಿಂದ 1957ರ ಮೇವರೆಗೆ ಅಲ್ಲಿ ಪೆಟ್ರೋಲಿಗೆ ಪಡಿತರವಿತ್ತು. 1957ರ ಮಾಂಟೆ ಕಾರ್ಲೋ ರ‍್ಯಾಲಿಯೇ ನಡೆಯಲಿಲ್ಲ. ಆ ಭಯದಿಂದ ಹುಟ್ಟಿದ್ದು 1959ರ ಪುಟ್ಟ ಮಿನಿ. ಆದರೆ ಭಯ ಬೇಗ ಮರೆತುಹೋಯಿತು. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಅನಾವರಣಗೊಂಡ ಇ-ಟೈಪ್‌ಗೆ 3.8 ಲೀಟರಿನ ಎಂಜಿನ್ ಇತ್ತು. ಗಂಟೆಗೆ 150 ಮೈಲಿ ಓಡುತ್ತದೆಂದು ಹೇಳಿಕೊಂಡರು. ಹತ್ತು ವರ್ಷಗಳ ನಂತರ, 1971ರಲ್ಲಿ, ಅದೇ ಕಾರಿಗೆ ಹನ್ನೆರಡು ಸಿಲಿಂಡರಿನ 5.3 ಲೀಟರ್ ಎಂಜಿನ್ ಬಂತು. ಅದು ಲೀಟರಿಗೆ ಐದು ಕಿಲೋಮೀಟರಿನ ಆಸುಪಾಸು. ಆಗ ಅದನ್ನು ಕೊಂಡವರಲ್ಲಿ ಹೆಚ್ಚಿನವರು ಈ ಲೆಕ್ಕವನ್ನು ಕೇಳಿರಲಿಕ್ಕಿಲ್ಲ.

1973ರ ಅಕ್ಟೋಬರಿನಲ್ಲಿ ಲೆಕ್ಕ ಎದುರಿಗೆ ಬಂದು ನಿಂತಿತು. ಇಸ್ರೇಲ್ ಯುದ್ಧದ ಹಿನ್ನೆಲೆಯಲ್ಲಿ ಅರಬ್ ದೇಶಗಳು ತೈಲವನ್ನು ತಡೆಹಿಡಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಜನವರಿಯ ವೇಳೆಗೆ 12 ಡಾಲರನ್ನು ಸಮೀಪಿಸಿತು. ಬ್ರಿಟನ್ ಪಡಿತರದ ಚೀಟಿಗಳನ್ನು ಹಂಚಿತು. ಬಳಸುವ ಪ್ರಸಂಗ ಬರಲಿಲ್ಲ. ವೇಗದ ಮಿತಿ ಮಾತ್ರ ಗಂಟೆಗೆ 50 ಮೈಲಿಗೆ ಇಳಿಯಿತು. 150 ಮೈಲಿಯ ಕಾರಿಗೆ 50ರ ಮಿತಿ! ಪಶ್ಚಿಮ ಜರ್ಮನಿಯಲ್ಲಿ ನಾಲ್ಕು ಭಾನುವಾರ ಹೆದ್ದಾರಿಗಳು ಬರಿದಾಗಿದ್ದವು. ಬಿಎಂಡಬ್ಲ್ಯು ತನ್ನ 2002 ಟರ್ಬೋವನ್ನು ಫ್ರಾಂಕ್‌ಫರ್ಟಿನಲ್ಲಿ ಪ್ರದರ್ಶಿಸಿದ್ದು ಇದಕ್ಕೆ ಸ್ವಲ್ಪ ಮೊದಲು. ಎರಡು ಸಾವಿರವೂ ತಯಾರಾಗದೆ ಅದು ನಿಂತುಹೋಯಿತು. ಇ-ಟೈಪ್‌ಗಳ ತಯಾರಿಕೆ 1974ರಲ್ಲಿ ಮುಗಿಯಿತು. ಏಳು ಲೀಟರಿಗೂ ಮಿಕ್ಕ ಅಮೆರಿಕನ್ ಎಂಜಿನ್ ಹೊತ್ತ ಇಂಟರ್‌ಸೆಪ್ಟರ್ ಕಾರನ್ನು ಕಟ್ಟುತ್ತಿದ್ದ ಜೆನ್ಸನ್ ಕಾರ್ಖಾನೆ 1976ರಲ್ಲಿ ಬಾಗಿಲು ಮುಚ್ಚಿತು. ಎಲ್ಲಕ್ಕೂ ತೈಲವೊಂದೇ ಕಾರಣವಲ್ಲ. ಅಲ್ಲಿನ ಆಡಳಿತದ ಎಡವಟ್ಟುಗಳೂ ಮುಷ್ಕರಗಳೂ ಇದ್ದವು. ಆದರೆ ಆ ಕಾರ್ಖಾನೆಯ ಕೆಲಸಗಾರ ಈ ಕಾರು ಕುಡಿಯುತ್ತದೆ ಎಂದು ಹೇಳಿ ನಕ್ಕಿರಲಾರ.

ಮುಂದಿನ ಕೆಲವು ವರ್ಷ ಇವು ಹಳೆಯ ಕಾರುಗಳಷ್ಟೇ ಆಗಿದ್ದವು, ಯಾರಿಗೂ ಬೇಡದವು. ತುಕ್ಕು ಹಿಡಿದ ಇ-ಟೈಪ್‌ಗಳು ಅಗ್ಗಕ್ಕೆ ಕೈ ಬದಲಾಯಿಸಿದವು. ನಗೆ ಬೆಳೆದದ್ದು ಅವು ಬೆಲೆಬಾಳುವ ವಸ್ತುಗಳಾದ ಮೇಲೆ, ಓಡಿಸುವುದಕ್ಕಿಂತ ಒರೆಸುವುದೇ ಹೆಚ್ಚಾದ ಮೇಲೆ, ಎಂಬುದು ನಮ್ಮ ಊಹೆ.

ಸರ್ಕಾರಿ ವಾಹನಗಳ ಲಾಗ್ ಪುಸ್ತಕ ನೋಡಿ ರೂಢಿಯಾದ ಕಣ್ಣು ನಮ್ಮದು, ಆದ್ದರಿಂದ ಸಣ್ಣದೊಂದು ಲೆಕ್ಕ. ಅಂತಹ ಕಾರು ವರ್ಷಕ್ಕೆ 1,500 ಕಿಲೋಮೀಟರ್ ಓಡಿತೆಂದು ಇಟ್ಟುಕೊಳ್ಳೋಣ: 300 ಲೀಟರ್. ದಿನಕ್ಕೆ 40 ಕಿಲೋಮೀಟರಿನಂತೆ ವರ್ಷಕ್ಕೆ 250 ದಿನ ಕಚೇರಿಗೆ ಹೋಗಿಬರುವ, ಲೀಟರಿಗೆ 15 ಕೊಡುವ ನಮ್ಮಂಥವರ ಕಾರಿಗೆ 660 ಲೀಟರ್ ದಾಟುತ್ತದೆ. ಅಂದರೆ ಕುಡುಕನೆಂದು ಹೆಸರಾದವನು ಮನೆವಂದಿಗನ ಅರ್ಧದಷ್ಟೂ ಕುಡಿಯುವುದಿಲ್ಲ. ಅವನ ನಿಜವಾದ ಖರ್ಚಿರುವುದು ಬಣ್ಣದಲ್ಲಿ, ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ, ಸಾಗರದಾಚೆಯಿಂದ ಬರುವ ಬಿಡಿಭಾಗಗಳಲ್ಲಿ. ಆ ಮೊತ್ತಗಳನ್ನು ಬೀದಿಯಲ್ಲಿ ಹೇಳುವಂತಿಲ್ಲ, ಕೆಲವರಿಗೆ ಮನೆಯಲ್ಲೂ ಹೇಳುವಂತಿಲ್ಲ. ಪೆಟ್ರೋಲಿನ ದರವಾದರೋ ಎಲ್ಲರಿಗೂ ಗೊತ್ತು. ಅದರ ಮಾತೆತ್ತಿದಾಗ ಇ-ಟೈಪಿನ ಒಡೆಯನೂ ಮೊಪೆಡ್ಡಿನವನೂ ಒಂದು ಗಳಿಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಈ ಸೌಜನ್ಯವನ್ನು ನಾವು ಹಳಿಯುವುದಿಲ್ಲ. ಆದರೆ ಅದು ಒಂದು ಗಳಿಗೆಯದು ಮಾತ್ರ.

ನಮ್ಮ ದೇಶದಲ್ಲೂ 1973 ಒಂದು ವಿನೋದವನ್ನು ಹುಟ್ಟಿಸಿತ್ತು. ಬೆಲೆ ಏರಿಕೆಯನ್ನು ಪ್ರತಿಭಟಿಸಿ ಆ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಅದು ಬೇರೆ ಜಾತಿಯ ನಗೆ, ಅದರ ಮೊನೆ ಆಳುವವರ ಕಡೆಗಿತ್ತು.

ನಮಗೆ ನೆನಪಿರುವುದು 1990ರ ಕೊಲ್ಲಿ ಬಿಕ್ಕಟ್ಟು. ಚಿಕ್ಕಮಗಳೂರಿನ ಇಳಿಜಾರುಗಳಲ್ಲಿ ತಂದೆಯವರು ಸ್ಕೂಟರಿನ ಎಂಜಿನ್ ಆರಿಸಿ ಇಳಿಯುತ್ತಿದ್ದರು. ತಿಂಗಳ ಕೊನೆಯಲ್ಲಿ ಅದು ರಸ್ತೆಯ ನಡುವೆ ನಿಂತರೆ, ನಮ್ಮನ್ನು ಕೆಳಗಿಳಿಸಿ, ಅದನ್ನು ಪಕ್ಕಕ್ಕೆ ವಾಲಿಸಿ, ಟ್ಯಾಂಕಿನ ಮೂಲೆಯಲ್ಲಿ ಉಳಿದ ಹನಿಗಳನ್ನು ಕೊಳವೆಯತ್ತ ಹರಿಸುತ್ತಿದ್ದರು. ಆಗ ಮಾತನಾಡಬಾರದೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ನಾವು ಸುಮ್ಮನಿರುತ್ತಿದ್ದೆವು.

ರ‍್ಯಾಲಿಯಲ್ಲಿ ಆ ದಿನ ನಗದೆ ಉಳಿದವನು ಪ್ರಶ್ನೆ ಕೇಳಿದ ಹುಡುಗನೊಬ್ಬನೇ. ಎಲ್ಲರ ನಗೆ ಮುಗಿಯುವವರೆಗೆ ಕಾದಿದ್ದು, “ಆದರೂ ಎಷ್ಟು?” ಎಂದು ಮತ್ತೆ ಕೇಳಿದ. ಹಿರಿಯರು ಅವನನ್ನೊಮ್ಮೆ ನೋಡಿ, “ಐದು” ಎಂದರು.